ನಲವತ್ತಮೂರು ಅಂಗಡಿಗಳ ಎರಡನೆಯ ಪಾಲುದಾರ

ಮೊಝಾಂಬಿಕಿನ ನಮ್ಮ ಕೆಲಿಮಾನೆ ಊರಿನಲ್ಲಿ ಲಿಬೆರಾತು ನಂಬುರೆತೆ ಒಂದು ಸಲ ಸೀನಿದರೆ ನಲವತ್ತಮೂರು ಮನೆಗಳ ಒಲೆಯ ಮೇಲೆ ಮಜ್ಜಿಗೆಹುಲ್ಲಿನ ಕಷಾಯ ಕುದಿಯುತ್ತಿತ್ತು. ಎರಡು ಸಲ ಸೀನಿದರೆ ಡಾಕ್ಟರು ಬರುತ್ತಿದ್ದರು. ಮೂರು ಸಲ ಸೀನಿದ್ದು ಅವನ ಜೀವಮಾನದಲ್ಲಿ ಒಂದೇ ಬಾರಿ. ಆವತ್ತು ಇಗರ್ಜಿಯಲ್ಲಿ ಗಂಟೆ ಬಾರಿಸಿ, ಮಸೀದಿಯಲ್ಲಿ ದುವಾ ಮಾಡಿಸಿ, ಎರಡೂ ಸಾಲದೆಂದು ನದಿಯಾಚೆಯ ಮಂತ್ರವಾದಿಯನ್ನು ದೋಣಿಯಲ್ಲಿ ಕರೆತಂದಿದ್ದರು. ಪಕ್ಕದ ಮನೆಯಲ್ಲಿ ಯಾರೋ ಮೆಣಸಿನಕಾಯಿ ಹುರಿದಿದ್ದರು ಅಂತ ಮಂತ್ರವಾದಿ ತನ್ನ ದಕ್ಷಿಣೆ ಈಸಿಕೊಂಡ ಮೇಲೆ ಹೇಳಿದ.

ಈ ಲಿಬೆರಾತು ಗವರ್ನರನೂ ಅಲ್ಲ, ಬಿಷಪ್ಪನೂ ಅಲ್ಲ. ನೋಟರಿ ಕಚೇರಿಯಲ್ಲಿ ಜವಾನನಾಗಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ವಯಸ್ಸು ಎಪ್ಪತ್ತೆರಡು. ತೂಕ, ಕರಿ ಕೋಟನ್ನೂ ಸೇರಿಸಿ, ನಲವತ್ತೆಂಟು ಕೆ.ಜಿ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಇಂಥ ಮನುಷ್ಯನನ್ನು ಊರಿಗೆ ಊರೇ ಮೊಟ್ಟೆಯ ಬುಟ್ಟಿಯ ಹಾಗೆ ಹಿಡಿದು ನಡೆಯುತ್ತಿತ್ತೆಂದರೆ ಅದಕ್ಕೆ ಕಾರಣ ಪ್ರೀತಿಯಲ್ಲ, ಕಾನೂನು.

ನಮ್ಮ ದೇಶದ ವ್ಯಾಪಾರದ ಕಾನೂನನ್ನು ಮಾಡಿಟ್ಟು ಹೋದದ್ದು ಪೋರ್ಚುಗಲ್ಲಿನ ರಾಜರ ಕಾಲದವರು. ರಾಜರು ಹೋದರು, ಅವರ ದೇಶದವರೂ ಗಂಟುಮೂಟೆ ಕಟ್ಟಿದರು, ಯುದ್ಧ ಬಂತು, ಯುದ್ಧ ಮುಗಿಯಿತು. ಕಾನೂನು ಮಾತ್ರ ಮನೆ ಅಳಿಯನ ಹಾಗೆ ಕೂತಲ್ಲೇ ಕೂತಿತ್ತು. ಅದರ ಪ್ರಕಾರ ಒಂದು ಕಂಪನಿ ಕಟ್ಟಬೇಕಾದರೆ ಕನಿಷ್ಠ ಇಬ್ಬರು ಬೇಕು. ಒಲೆ ನಿನ್ನದು, ಹಿಟ್ಟು ನಿನ್ನದು, ಬೆವರು ನಿನ್ನದು. ಆದರೂ ಕಾಗದದ ಮೇಲೆ ಇನ್ನೊಬ್ಬ ಇರಲೇಬೇಕು. ತಮ್ಮನನ್ನು ಹಾಕಿಕೊಂಡವರ ಅಂಗಡಿ ಮೂರು ವರ್ಷಕ್ಕೆ ತಮ್ಮನದಾಗುತ್ತಿತ್ತು. ಭಾವಮೈದುನನನ್ನು ಹಾಕಿಕೊಂಡವರಿಗೆ ಮೂರು ತಿಂಗಳು ಸಾಕಾಗುತ್ತಿತ್ತು.

ಬ್ರೆಡ್ಡಿನ ಭಟ್ಟಿಯ ಒಡತಿ, ವಿಧವೆ ದೊನಾ ಫೆಲಿಸ್ಮಿನಾ ಮೊದಲ ಸಲ ನೋಟರಿ ಕಚೇರಿಗೆ ಬಂದದ್ದು ತನ್ನ ಮೈದುನನ ಜೊತೆ. ಆಕೆ ಗಟ್ಟಿ ತೋಳಿನ ಹೆಂಗಸು. ನಾದಿದ ಹಿಟ್ಟಿಗೆ ಒಂದು ಪೆಟ್ಟು ಕೊಟ್ಟರೆ ನದಿಯಾಚೆ ನಾಯಿಗಳು ಬೊಗಳುತ್ತಿದ್ದವು. ಸಹಿ ಹಾಕುವ ಹೊತ್ತಿಗೆ ಮೈದುನ ಪೆನ್ನಿನ ಮುಚ್ಚಳ ತೆಗೆಯದೆ, "ಅತ್ತಿಗೆ, ಭಟ್ಟೀಲಿ ಅರ್ಧ ನಂದು ಅಂತ ಬರೀಲಿ" ಅಂದ. ಮುಂದಿನ ಕ್ಷಣ ಅವನು ಬಾಗಿಲಾಚೆ ಇದ್ದ. ನಡೆದು ಹೋದದ್ದನ್ನು ಕಂಡವರಿಲ್ಲ. ಕಚೇರಿ ಮುಚ್ಚುವ ಸಮಯ. ಫೆಲಿಸ್ಮಿನಾ ಸುತ್ತ ನೋಡಿದಳು. ಮೂಲೆಯಲ್ಲಿ ಮೊಹರು ಒರೆಸುತ್ತ ಲಿಬೆರಾತು ನಿಂತಿದ್ದ.

"ಅಣ್ಣಾ, ನಿನಗೆ ಬ್ರೆಡ್ಡು ಮಾಡಕ್ಕೆ ಬರುತ್ತಾ?"

"ಇಲ್ಲಮ್ಮ. ತಿನ್ನಕ್ಕೆ ಬರುತ್ತೆ."

"ಸಹಿ ಹಾಕಕ್ಕೆ ಬರುತ್ತಾ?"

ಲಿಬೆರಾತು ಮೊಹರನ್ನು ಕೆಳಗಿಟ್ಟು, ಕೈ ಒರೆಸಿಕೊಂಡು, ಪೆನ್ನು ತೆಗೆದುಕೊಂಡ.

ಆ ಸಹಿಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಲೇಬೇಕು. ಮೊದಲಕ್ಷರ ತೆಂಗಿನ ಮರದ ಹಾಗೆ ಎದ್ದು ನಿಲ್ಲುತ್ತಿತ್ತು. ನಡುವಿನ ಅಕ್ಷರಗಳು ದಡಕ್ಕೆ ಕಟ್ಟಿದ ದೋಣಿಗಳ ಹಾಗೆ ಒಂದರ ಪಕ್ಕ ಒಂದು ತೂಗಾಡುತ್ತಿದ್ದವು. ಕೊನೆಯಲ್ಲಿ ಸಿಗಡಿಯ ಮೀಸೆಯಂಥ ಎರಡು ಗೆರೆಗಳು ಹೊರಟು, ಅದರಲ್ಲೊಂದು ಕಾಗದದ ಅಂಚಿನ ತನಕ ಹೋಗಿ ಇಣುಕಿ ನೋಡಿ ವಾಪಸು ಬರುತ್ತಿತ್ತು. ವರ್ಷಗಟ್ಟಲೆ ಏಳು ಜನ ನೋಟರಿಗಳ ಕೈಕೆಳಗಿದ್ದು, ಒಬ್ಬೊಬ್ಬರ ಸಹಿಯಿಂದ ಒಂದೊಂದು ಅಂಗ ಆರಿಸಿ ಕಟ್ಟಿದ ಸಹಿ ಅದು. ಅವನ ಅಪ್ಪ ತೆಂಗಿನ ತೋಟದ ಕೂಲಿಯಾಗಿದ್ದ. ಏನು ಬರೆದಿದೆಯೆಂದು ತಿಳಿಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಒಂದು ವರ್ಷಕ್ಕೆಂದು ಹೋದವನು, ಏಳು ವರ್ಷ ಕಾಯಿ ಸುಲಿದು ಬಂದ. ಬಂದ ಮೇಲೆ ಸಾಯುವ ತನಕ ಆ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡೇ ನಡೆಯುತ್ತಿದ್ದ. ಮಗ ಸಹಿ ಕಲಿತದ್ದು ಆ ಮುಷ್ಟಿಯನ್ನು ನೋಡಿ.

ಹೀಗೆ ಲಿಬೆರಾತು ಭಟ್ಟಿಯಲ್ಲಿ ನೂರಕ್ಕೆ ಒಂದು ಪಾಲಿನ ಒಡೆಯನಾದ. ಸುದ್ದಿ ಹಬ್ಬಿತು. ಬಟ್ಟೆ ಅಂಗಡಿಯ ಇಸ್ಮಾಯಿಲ್ ಕಸ್ಸಾಮು ಬಂದ. ಸೈಕಲ್ ಬಿಡಿಭಾಗದವನು, ಕೊಬ್ಬರಿ ಎಣ್ಣೆಯವನು, ಐಸ್ ಕಾರ್ಖಾನೆಯವನು ಬಂದರು. ಶವಪೆಟ್ಟಿಗೆ ಮಾಡುವ ಝೆಫೆರೀನು ಬಂದ. ಯಾರಿಗೂ ನೆಂಟನಲ್ಲದ, ಏನನ್ನೂ ಕೇಳದ, ನೋಟರಿ ಕಚೇರಿಯ ಪೆಟ್ಟಿಗೆಯಲ್ಲೇ ಸಹಿಯ ಮಾದರಿ ಚೀಟಿ ಇಟ್ಟಿರುವ ಇಂಥ ಎರಡನೆಯ ಪಾಲುದಾರ ಇಡೀ ಮೊಝಾಂಬಿಕಿನಲ್ಲಿ ಇನ್ನೊಬ್ಬನಿರಲಿಲ್ಲ. ನಿವೃತ್ತನಾಗುವ ಹೊತ್ತಿಗೆ ಅವನು ನಲವತ್ತಮೂರು ಕಂಪನಿಗಳಲ್ಲಿದ್ದ.

ಹಣ ಅವನು ಮುಟ್ಟಲಿಲ್ಲ. "ಪಾಲುದಾರ ಕೂಲಿ ತಗೊಳ್ತಾನೇನ್ರೀ?" ಅನ್ನುತ್ತಿದ್ದ. ಅದರ ಬದಲು ದಿನಕ್ಕೊಂದು ಮನೆಯಲ್ಲಿ ಮಧ್ಯಾಹ್ನದ ಊಟ. ನಲವತ್ತಮೂರು ದಿನಕ್ಕೆ ಒಂದು ಸುತ್ತು. ಅಕ್ಕಿ, ಹೆಸರುಬೇಳೆ, ತೆಂಗಿನ ಹಾಲು ಹಾಕಿ ಬೇಯಿಸುವ ನಮ್ಮ ಮುಕಪಾತಾವನ್ನು ನಲವತ್ತಮೂರು ಕೈಗಳಲ್ಲಿ ಉಂಡವನು ಭೂಮಿಯ ಮೇಲೆ ಅವನೊಬ್ಬನೇ. ಉಂಡ ಮೇಲೆ ಸುಮ್ಮನೆ ಏಳುತ್ತಿರಲಿಲ್ಲ. "ದೊನಾ, ನಮ್ಮ ಭಟ್ಟೀಲಿ ಈಚೆಗೆ ಉಪ್ಪು ಜಾಸ್ತಿ ಆಗ್ತಿದೆ." "ಕಸ್ಸಾಮು, ನಮ್ಮ ಅಂಗಡೀಲಿ ಹಳದಿ ಬಟ್ಟೆ ಮುಂದೆ ಇಡು." ಅವರು ಮೂಗು ಮುರಿಯುತ್ತಿದ್ದರು, ಆದರೂ ಕೇಳಿಸಿಕೊಳ್ಳುತ್ತಿದ್ದರು. ಮದುವೆಗಳಲ್ಲಿ ಹೊಸಬರು ಸಿಕ್ಕರೆ ಕೋಟಿನ ಗುಂಡಿ ಹಾಕಿಕೊಂಡು ಪರಿಚಯ ಹೇಳುತ್ತಿದ್ದ: "ನಮ್ಮದು ಬ್ರೆಡ್ಡು, ಬಟ್ಟೆ, ಐಸು, ಎಣ್ಣೆ, ಶವಪೆಟ್ಟಿಗೆ."

ಈಗ ಸೀನಿನ ವಿಚಾರ. ಇಬ್ಬರಲ್ಲಿ ಒಬ್ಬ ಸತ್ತರೆ ಅವನ ಪಾಲು ವಾರಸುದಾರರಿಗೆ ಹೋಗುತ್ತಿತ್ತು. ಲಿಬೆರಾತುವಿನ ವಾರಸುದಾರರೆಂದರೆ ಹಳ್ಳಿಯಲ್ಲಿದ್ದ ಅಕ್ಕನ ಮಕ್ಕಳು. ಅವರು ಎಷ್ಟು ಜನ ಎಂಬುದು ಅಕ್ಕನಿಗೇ ಖಚಿತವಿರಲಿಲ್ಲ. ವಾರಸುದಾರರು ಬೇಡವೆಂದರೆ ಕಂಪನಿಯಲ್ಲಿ ಒಬ್ಬನೇ ಉಳಿಯಬೇಕು. ಒಬ್ಬನೇ ಉಳಿದ ಕಂಪನಿ ಹಳೆಯ ಕಾನೂನಿನ ಕಣ್ಣಿಗೆ ಕಂಪನಿಯೇ ಅಲ್ಲ. ಆದ್ದರಿಂದ ಲಿಬೆರಾತು ಸಾಯುವಂತಿರಲಿಲ್ಲ.

ಅವನಿಗೆ ಮೀನಿನ ಮುಳ್ಳು ತೆಗೆದೇ ಬಡಿಸುತ್ತಿದ್ದರು. ತೆಂಗಿನ ಮರದ ಕೆಳಗೆ ನಡೆಯಬಾರದೆಂದು ಹೇಳಿದ್ದರು. ಕೆಲಿಮಾನೆಯಲ್ಲಿ ತೆಂಗಿನ ಮರದ ಕೆಳಗೆ ನಡೆಯಬಾರದೆಂದರೆ ನಡೆಯಲೇಬಾರದೆಂದು ಅರ್ಥ. ಸಮುದ್ರಕ್ಕೆ ಕಾಲು ಅದ್ದಲು ಹೋದರೆ ಮೂವರು ವ್ಯಾಪಾರಿಗಳು ಅವನಿಗಿಂತ ಮುಂದೆ ಸೊಂಟದ ತನಕ ನೀರಲ್ಲಿ ನಿಂತು ಅಲೆಗಳನ್ನು ತಡೆಯುತ್ತಿದ್ದರು. ಊರಿನಲ್ಲಿ ಸಾವಿರಾರು ಸೈಕಲ್ ಟ್ಯಾಕ್ಸಿಗಳು. ಹಿಂದಿನ ಸೀಟಿನಲ್ಲಿ ಗರ್ಭಿಣಿಯರೂ ಕೂರುತ್ತಾರೆ, ಮೇಕೆಗಳೂ ಕೂರುತ್ತವೆ. ಲಿಬೆರಾತು ಕೈ ತೋರಿಸಿದರೆ ಮಾತ್ರ ಸವಾರರು ಮುಖ ತಿರುಗಿಸಿ ತುಳಿಯುತ್ತಿದ್ದರು. ನಮ್ಮ ರಸ್ತೆಯ ಗುಂಡಿಗಳಿಗೆ ಅವನನ್ನು ಒಪ್ಪಿಸಬಾರದೆಂದು ಅಪ್ಪಣೆಯಾಗಿತ್ತು. ಹತ್ತೊಂಬತ್ತು ವರ್ಷ ಅವನು ಊರೆಲ್ಲ ನಡೆದೇ ತಿರುಗಿದ. ತಮಾಷೆಯೆಂದರೆ ಶವಪೆಟ್ಟಿಗೆಯ ಝೆಫೆರೀನು ಕೂಡ ಭಾನುವಾರ ಇಗರ್ಜಿಯಲ್ಲಿ ಮಂಡಿಯೂರಿ, "ದೇವರೇ, ಊರಲ್ಲಿ ಇವನೊಬ್ಬನನ್ನ ಬಿಡು" ಅಂತ ಬೇಡಿಕೊಳ್ಳುತ್ತಿದ್ದ.

ಎರಡು ಸಾವಿರದ ಆರನೆಯ ಇಸವಿಯ ಚಳಿಗಾಲದಲ್ಲಿ ಸರ್ಕಾರಕ್ಕೆ ಕತ್ತರಿಸುವ ಹುಚ್ಚು ಹಿಡಿಯಿತು. ನೋಟಿನಿಂದ ಮೂರು ಸೊನ್ನೆ ಕತ್ತರಿಸಿತು. ಬೆಳಿಗ್ಗೆ ಹತ್ತು ಲಕ್ಷದ ಒಡೆಯರಾಗಿ ಎದ್ದವರು ಸಾವಿರದ ಒಡೆಯರಾಗಿ ಹಲ್ಲುಜ್ಜಿದರು. ಆ ಗಾಬರಿಯಿಂದ ಊರು ಚೇತರಿಸಿಕೊಳ್ಳುವ ಮೊದಲೇ ಪುರಸಭೆಯ ಸಭಾಂಗಣದಲ್ಲಿ ಹೊಸ ವ್ಯಾಪಾರ ಕಾನೂನಿನ ಬಗ್ಗೆ ಸಭೆ ಎಂದು ರೇಡಿಯೋ ಹೇಳಿತು. ಲಿಬೆರಾತು ಕೋಟು ಇಸ್ತ್ರಿ ಮಾಡಿಸಿ ಮೊದಲ ಸಾಲಿನಲ್ಲಿ ಕೂತ. ಲೆಕ್ಕಕ್ಕೆ ಹಿಡಿದರೆ ಊರಿನ ದೊಡ್ಡ ಉದ್ಯಮಿ ಅವನೇ ತಾನೆ?

ರಾಜಧಾನಿಯಿಂದ ಒಬ್ಬ ವಕೀಲಮ್ಮ ಬಂದಿದ್ದಳು. ಚುರುಕು ಹುಡುಗಿ, ಗೋಡೆಯ ಮೇಲೆ ಚಿತ್ರ ಬಿಟ್ಟು ಮಾತಾಡುತ್ತಿದ್ದಳು. "ನೂರು ವರ್ಷಕ್ಕಿಂತ ಹಳೇ ಕಾನೂನು ಇದು. ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿ ವ್ಯಾಪಾರ ಮಾಡೋ ಹಾಗಿರಲಿಲ್ಲ. ಇನ್ಮೇಲೆ ಅದೆಲ್ಲ ಇಲ್ಲ" ಅಂದಳು. ಹೆಂಗಸರ ಚಪ್ಪಾಳೆಗೆ ಛಾವಣಿಯ ತಗಡು ಎರಡು ಇಂಚು ಎದ್ದು ಕೂತಿತು. ಲಿಬೆರಾತುವೂ ಚಪ್ಪಾಳೆ ತಟ್ಟಿದ.

"ಇನ್ನೊಂದು ವಿಷಯ. ಇನ್ಮೇಲೆ ಒಬ್ಬರೇ ಕಂಪನಿ ಮಾಡಬಹುದು. ಲೆಕ್ಕಕ್ಕೆ ಅಂತ ಯಾರನ್ನೋ ತಂದು ಕೂರಿಸಿಕೊಳ್ಳೋ ನಾಟಕ ಬೇಕಿಲ್ಲ."

ಚಪ್ಪಾಳೆ ಬರಲಿಲ್ಲ. ಬದಲು ಇನ್ನೂರು ಕುರ್ಚಿಗಳು ಒಟ್ಟಿಗೆ ಕಿರುಗುಟ್ಟಿದವು. ಎಲ್ಲರೂ ಮೊದಲ ಸಾಲಿನ ಕಡೆ ತಿರುಗಿದ್ದರು.

ವಕೀಲಮ್ಮ ಗಾಬರಿಯಾದಳು. "ಯಾಕೆ ಎಲ್ಲ ಈ ಅಜ್ಜನ್ನ ನೋಡ್ತಿದ್ದೀರಿ? ಹುಷಾರಿಲ್ವಾ ಇವರಿಗೆ?"

"ಇಲ್ಲೀತಂಕ ಚೆನ್ನಾಗೇ ಇದ್ರು" ಅಂತ ಹಿಂದಿನಿಂದ ಯಾರೋ ಅಂದರು.

ಲಿಬೆರಾತು ಎದ್ದು ನಿಂತ. ಕೋಟಿನ ಗುಂಡಿ ಹಾಕಿಕೊಂಡ. "ದೊತೋರಾ, ಒಂದು ಪ್ರಶ್ನೆ. ಒಬ್ಬನೇ ಇರೋ ಕಂಪನೀಲಿ ವರ್ಷದ ಸಭೆ ಹೆಂಗೆ ನಡೆಸ್ತಾನೆ?"

"ಒಬ್ಬನೇ ಕೂತು ತೀರ್ಮಾನ ಮಾಡಿ ಪುಸ್ತಕದಲ್ಲಿ ಬರೀತಾನೆ ಅಜ್ಜ."

"ತನಗೆ ತಾನೇ ನಮಸ್ಕಾರ ಹೇಳ್ಕೋತಾನಾ?"

ಸಭೆ ನಕ್ಕಿತು. "ತಪ್ಪು ಮಾಡಿದ್ರೆ ಯಾರು ಬೇಡ ಅಂತಾರೆ?" ಅಂತ ಅವನು ಮುಂದುವರಿಸಿದ್ದು ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮರುದಿನದ ಊಟದ ಸರದಿ ಕಸ್ಸಾಮುವಿನದು. ಲಿಬೆರಾತು ಹನ್ನೆರಡು ಗಂಟೆಗೆ ಸರಿಯಾಗಿ ಹೋದ. ತಟ್ಟೆ ಇರಬೇಕಾದ ಜಾಗದಲ್ಲಿ ಒಂದು ಕಾಗದವಿತ್ತು.

"ಕೂತ್ಕೊಳ್ಳಿ ಮಾವ. ಊಟ ಬರುತ್ತೆ. ಅಷ್ಟರಲ್ಲಿ ಇದಕ್ಕೊಂದು ಸಹಿ."

"ಏನಿದು?"

"ನಿಮ್ಮ ಒಂದು ಪಾಲು ನನಗೆ ಬಿಟ್ಟುಕೊಟ್ಟಂಗೆ. ನಿಮಗೂ ವಯಸ್ಸಾಯ್ತು, ಜವಾಬ್ದಾರಿ ಯಾಕೆ?"

"ಹಳದಿ ಬಟ್ಟೆ ಮುಂದೆ ಇಡು ಅಂದಿದ್ದೆ. ಇಟ್ಯಾ?"

"ಇಟ್ಟೆ ಮಾವ. ಎಲ್ಲ ಖರ್ಚಾಯ್ತು."

"ಜವಾಬ್ದಾರಿ ಅಂದ್ರೆ ಅದೇ ಕಣಯ್ಯ" ಅಂದ ಲಿಬೆರಾತು. ಆದರೂ ಸಹಿ ಹಾಕಿದ. ಯಾರನ್ನೂ ಏನನ್ನೂ ಕೇಳದವನು ಬೇಡವೆನ್ನುವುದನ್ನೂ ಕಲಿತಿರಲಿಲ್ಲ.

ಒಂದು ವಾರದಲ್ಲಿ ಹೀಗೆಯೇ ಕಾಗದದ ಮೇಲೆ ಕಾಗದ. ಕೆಲವರು ಊಟಕ್ಕೂ ಕರೆಯಲಿಲ್ಲ, ಬೀದಿಯಲ್ಲೇ ತಡೆದು ಬೆನ್ನು ಬಗ್ಗಿಸಿ ನಿಂತು, "ನನ್ನ ಬೆನ್ನ ಮೇಲೇ ಇಟ್ಕೊಂಡು ಹಾಕ್ಬಿಡಿ" ಅಂದರು. ಅವನು ಕೇಳಿದವರಿಗೆಲ್ಲ ಹಾಕಿದ. ಮನೆಗೆ ಬಂದು ಕೋಟು ಬಿಚ್ಚುವಾಗ ಮಾತ್ರ ಗುಂಡಿಗಳು ಕೈಗೆ ಸಿಗುತ್ತಿರಲಿಲ್ಲ.

ಆ ಕಾಗದಗಳೆಲ್ಲ ನೋಟರಿ ಕಚೇರಿಗೆ ಹೋದವು. ಅಲ್ಲಿ ಸೆನ್ಯೋರಾ ಪಲ್ಮೀರಾ ಕೂತಿದ್ದಳು. ಹಿಂದೆ ಲಿಬೆರಾತುವೇ ಅವಳಿಗೆ ಮೊಹರು ಹಿಡಿಯಲು ಕಲಿಸಿದ್ದ. ಅವಳು ಪೆಟ್ಟಿಗೆಯಿಂದ ಹಳೆಯ ಮಾದರಿ ಚೀಟಿ ತೆಗೆದು, ಕನ್ನಡಕ ಏರಿಸಿ, ಒಂದೊಂದೇ ಕಾಗದದ ಪಕ್ಕ ಇಟ್ಟು ನೋಡಿದಳು. ಎಲ್ಲವನ್ನೂ ವಾಪಸು ತಳ್ಳಿದಳು.

"ಇದು ಲಿಬೆರಾತು ಅವರ ಸಹಿ ಅಲ್ಲ."

ಕಾಗದದ ಮೇಲೆ ತೆಂಗಿನ ಮರ ಬಿರುಗಾಳಿಗೆ ಸಿಕ್ಕಿತ್ತು. ದೋಣಿಗಳು ಮಗುಚಿದ್ದವು. ಮೀಸೆ ಅಂಚಿನ ತನಕ ಹೋಗುವ ಬದಲು ನಡುವೆಯೇ ಸುಸ್ತಾಗಿ ಮಲಗಿತ್ತು. ವ್ಯಾಪಾರಿಗಳು ಓಡಿಹೋಗಿ ಲಿಬೆರಾತುವನ್ನೇ ಕರೆತಂದು ನಿಲ್ಲಿಸಿದರು.

"ಪಲ್ಮೀರಾ, ನಾನೇ ಲಿಬೆರಾತು."

"ನೀವು ಲಿಬೆರಾತೇ ಮಾವ, ಅದರಲ್ಲಿ ನಂಗೇನೂ ಅನುಮಾನ ಇಲ್ಲ. ನೀವು ನೀವೇ. ಸಹಿ ನಿಮ್ದಲ್ಲ."

"ನಿನ್ನ ಕಣ್ಣೆದುರಿಗೇ ಹಾಕ್ತೀನಿ."

ಹಾಕಿದ. ಕೈ ನಡುಗಿತು. ಅವಳು ಚೀಟಿ ನೋಡಿದಳು, ಅವನ ಮುಖ ನೋಡಿದಳು, ತಲೆಯಾಡಿಸಿದಳು. "ನನ್ನ ಕಣ್ಣೆದುರಿಗೇ ಬೇರೆಯವರದ್ದು ಹಾಕಿದ್ರಲ್ಲ ಮಾವ. ನೀವೇ ಹೇಳ್ಕೊಟ್ಟಿದ್ದು ನಂಗೆ, ಮನುಷ್ಯನ್ನ ನೋಡಬೇಡ, ಸಹಿ ನೋಡು ಅಂತ."

ಎಪ್ಪತ್ತೆರಡು ವರ್ಷಕ್ಕೆ ತಾನು ತಾನಲ್ಲವೆಂದು ಮೊಹರು ಬೀಳುವುದು ಎಂಥವನಿಗೂ ಆಘಾತವೇ. ಆದರೆ ಅವನಿಗಿಂತ ಹೆಚ್ಚು ಬೆವೆತವರು ವ್ಯಾಪಾರಿಗಳು. ಸಹಿ ಇಲ್ಲದೆ ಪಾಲು ಬಿಡುವುದಿಲ್ಲ. ಪಾಲು ಬಿಡುವ ಮೊದಲು ಈತ ಕಣ್ಣು ಮುಚ್ಚಿದರೆ ಅಕ್ಕನ ಮಕ್ಕಳು ಲಾರಿಯಲ್ಲಿ ಬಂದು ಇಳಿಯುತ್ತಾರೆ. ಆವತ್ತೇ ಸಂಜೆಯೊಳಗೆ ಊಟಗಳು ವಾಪಸು ಬಂದವು. ಒಂಟಿಯಾಗಿ ಅಲ್ಲ, ಸಂಸಾರ ಸಮೇತ. ಫೆಲಿಸ್ಮಿನಾ ನರಕ್ಕೆ ಒಳ್ಳೆಯದೆಂದು ಕೋಳಿ ಸಾರು ತಂದಳು. ಕೊಬ್ಬರಿ ಎಣ್ಣೆಯವನು ಮೊಣಕೈಯಿಂದ ಬೆರಳ ತುದಿಯವರೆಗೆ ದಿನಕ್ಕೆ ಎರಡು ಸಲ ಮಾಲೀಸು ಮಾಡಿದ. ಲಿಬೆರಾತುವಿನ ಕೈಯಿಂದ ಬಾಗಿಲ ಹಿಡಿ ಜಾರಿ, ಅವನು ತನ್ನ ಮನೆಯೊಳಗೇ ಅರ್ಧ ದಿನ ಸಿಕ್ಕಿಹಾಕಿಕೊಂಡ. ಐಸಿನವನು ಐಸು ಕಟ್ಟಿದ. ಪ್ರತಿದಿನ ಹತ್ತು ಗಂಟೆಗೆ ಅವನನ್ನು ಮೆರವಣಿಗೆಯಲ್ಲಿ ಕಚೇರಿಗೆ ಕರೆದೊಯ್ದು ಒಂದು ಸಹಿ ಹಾಕಿಸುವುದು, ಪಲ್ಮೀರಾ ತಲೆಯಾಡಿಸುವುದು, ಎಲ್ಲರೂ ನಿಟ್ಟುಸಿರು ಬಿಟ್ಟು ಮತ್ತೆ ಸಾರು ಕಾಯಿಸಲು ಓಡುವುದು.

ಮೊದಲ ವಾರ ಕೈ ನಿಜವಾಗಿಯೂ ನಡುಗಿತು. ಎರಡನೆಯ ವಾರ ನಡುಗಿತೋ, ನಡುಗಿಸಿದನೋ, ಅದನ್ನು ಅವನೇ ಹೇಳಲಾರದವನಾಗಿದ್ದ.

ಈ ಗಲಾಟೆಯಲ್ಲಿ ಬಾರದಿದ್ದವನು ಝೆಫೆರೀನು ಒಬ್ಬನೇ. ಅವನ ಸರದಿಯ ಮಧ್ಯಾಹ್ನ ಲಿಬೆರಾತು ಎಂದಿನಂತೆ ಅವನ ಕಾರ್ಖಾನೆಗೆ ಹೋಗಿ, ಅರ್ಧ ಮುಗಿದ ಪೆಟ್ಟಿಗೆಯೊಂದರ ಅಂಚಿನಲ್ಲಿ ಕೂತ. ಝೆಫೆರೀನು ಹಲಗೆ ಉಜ್ಜುತ್ತಿದ್ದ. ತಲೆ ಎತ್ತದೆ, "ಪಾಲುದಾರ್ರೆ, ಒಲೆ ಮೇಲೆ ಟೀ ಇದೆ. ಎರಡು ಲೋಟ ತುಂಬ್ಕೊಂಡು ಬನ್ನಿ" ಅಂದ.

ಲಿಬೆರಾತು ತಂದ. ಝೆಫೆರೀನು ಲೋಟ ನೋಡಿದ. ಅಂಚಿನ ತನಕ ತುಂಬಿತ್ತು. ಆಮೇಲೆ ನೆಲ ನೋಡಿದ. ಒಲೆಯಿಂದ ಇಲ್ಲಿಯ ತನಕ ಮರದ ಹೊಟ್ಟಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ.

"ಪಾಲುದಾರ್ರೆ."

"ಹ್ಞೂಂ."

"ಟೀ ಚೆನ್ನಾಗಿದೆ" ಅಂದ ಝೆಫೆರೀನು. ಮತ್ತೆ ಹಲಗೆ ಉಜ್ಜತೊಡಗಿದ.

ಲಿಬೆರಾತುವಿನ ಕಿವಿ ಕೆಂಪಗಾಯಿತು. ಆ ದಿನ ಅವನು ಪೆಟ್ಟಿಗೆಯ ಹಿಡಿಕೆಯ ಬಗ್ಗೆ ಸಲಹೆ ಕೊಡಲಿಲ್ಲ.

ಮೂರನೆಯ ಕೋಳಿ ಸಾರಾಗಿ ಹೋದ ಮೇಲೆ ಫೆಲಿಸ್ಮಿನಾಳ ಸಹನೆ ತೀರಿತು. ಸೀದಾ ಪಲ್ಮೀರಾಳ ಮೇಜಿನ ಮೇಲೆ ಎರಡೂ ತೋಳೂರಿದಳು. "ಸಹಿ ಬರದೋರು ಈ ದೇಶದಲ್ಲಿ ಪತ್ರಾನೇ ಮಾಡ್ಸಲ್ವಾ? ಅದಕ್ಕೇನಾದ್ರೂ ದಾರಿ ಇರಲೇಬೇಕಲ್ಲ?"

"ಇದೆ ದೊನಾ. ಇಬ್ಬರು ಸಾಕ್ಷಿ ಮುಂದೆ ಹೆಬ್ಬೆಟ್ಟು."

"ಅಯ್ಯೋ! ಇದನ್ನ ಮೊದಲೇ ಹೇಳಿದ್ರೆ ನನ್ನ ಕೋಳಿಗಳು ಇವತ್ತಿಗೂ ಅಂಗಳದಲ್ಲಿ ಇರ್ತಿದ್ವಲ್ಲೇ!"

ಮರುದಿನ ಹತ್ತು ಗಂಟೆಗೆ ಕಚೇರಿ ತುಂಬಿತ್ತು. ಕಿಟಕಿಯಲ್ಲೂ ಜನ. ಲಿಬೆರಾತು ಎಂದಿನ ಮೆರವಣಿಗೆಯೆಂದು ತಿಳಿದು ಗಂಭೀರವಾಗಿ ಒಳಗೆ ಬಂದ. ಮೇಜಿನ ಮೇಲೆ ಕಾಗದಗಳ ಕಟ್ಟು. ಅದರ ಪಕ್ಕದಲ್ಲಿ ಪೆನ್ನು ಇರಲಿಲ್ಲ. ತಗಡಿನ ಮುಚ್ಚಳ ತೆರೆದ, ಈಗತಾನೆ ಶಾಯಿ ಹಾಕಿದ ಮೊಹರಿನ ಪ್ಯಾಡು ಇತ್ತು. ಅವನೇ ಮೂವತ್ತು ವರ್ಷ ಒರೆಸಿದ್ದ ಪ್ಯಾಡು.

"ಏನಿದು?"

ಕಸ್ಸಾಮು ಮೆತ್ತಗೆ ಅಂದ. "ಕೈಗೆ ತ್ರಾಸು ಯಾಕೆ ಮಾವ. ಹೆಬ್ಬೆರಳು ಒತ್ತಿಬಿಡಿ ಸಾಕು."

"ಪತ್ರದಲ್ಲಿ 'ಸಹಿ ಹಾಕಲು ಬಾರದವರು' ಅಂತ ಒಂದು ಸಾಲು ಸೇರಿಸ್ತೀನಿ ಅಷ್ಟೇ" ಅಂದಳು ಪಲ್ಮೀರಾ. ಅವಳ ಕಣ್ಣು ಮೇಜಿನ ಮೇಲೇ ಇತ್ತು.

ಲಿಬೆರಾತು ಆ ಪ್ಯಾಡನ್ನು ನೋಡುತ್ತ ನಿಂತ. ಅವನ ಬಲಗೈ ತಾನಾಗಿಯೇ ಮುಷ್ಟಿ ಕಟ್ಟಿತು, ಹೆಬ್ಬೆರಳು ಒಳಗೆ. ಅಪ್ಪನ ಮುಷ್ಟಿ. ಅದನ್ನು ತನ್ನ ತೋಳಿನ ತುದಿಯಲ್ಲಿ ಕಂಡು ಅವನು ಬೆಚ್ಚಿಬಿದ್ದ. ಹೊರಗಿನ ಸೈಕಲ್ ಗಂಟೆಗಳೂ ಆ ಕ್ಷಣ ನಿಂತುಹೋದವೆಂದು ಹೇಳುವವರಿದ್ದಾರೆ. ಸಾವಿರಾರು ಸೈಕಲ್ಲಿನ ಊರಿನಲ್ಲಿ ಅದು ನಡೆಯುವ ಮಾತಲ್ಲ, ಆದರೂ ಹೇಳುತ್ತಾರೆ.

"ಬಾರದವರು?" ಅಂದ. "ಯಾರಿಗೆ ಬಾರದು? ಪೆನ್ನು ಕೊಡೇ."

ಪೆನ್ನು ಹಿಡಿದ. ತೆಂಗಿನ ಮರ ಎದ್ದಿತು, ನೆಟ್ಟಗೆ. ದೋಣಿಗಳು ಸಾಲುಗಟ್ಟಿದವು. ಮೀಸೆ ಹೊರಟು ಅಂಚಿನ ತನಕ ಹೋಗಿ, ಇಣುಕಿ, ತಿರುಗಿ ಬಂತು. ಪಲ್ಮೀರಾ ಚೀಟಿ ಪಕ್ಕಕ್ಕಿಡುವ ಮೊದಲೇ ಎರಡನೆಯದು ಮುಗಿದಿತ್ತು. ಮೂರನೆಯದು, ಹತ್ತನೆಯದು, ಇಪ್ಪತ್ತನೆಯದು. ಕಾಗದ ಎಳೆದುಕೊಡುತ್ತಿದ್ದ ಎಣ್ಣೆಯವನ ಕೈ ಸೋತು ಐಸಿನವನು ನಿಂತ. ಕಾಗದದಿಂದ ಹೊಗೆ ಬಂತೆನ್ನುವುದು ಉತ್ಪ್ರೇಕ್ಷೆ, ಬಿಸಿಯಾಗಿದ್ದವು ಅಷ್ಟೇ. ಕಿಟಕಿಯಲ್ಲಿದ್ದವರು ಒಂದೊಂದು ಸಹಿಗೂ ಫುಟ್‌ಬಾಲ್ ಗೋಲಿಗೆ ಕೂಗುವ ಹಾಗೆ ಕೂಗಿದರು. ಕೊನೆಯ ಕಾಗದ ಮುಗಿದಾಗ ಲಿಬೆರಾತು ಪೆನ್ನಿನ ಮುಚ್ಚಳ ಹಾಕಿ, ಎಡಗೈಯಿಂದ ಕೋಟು ಕೊಡವಿದ.

"ಈಗ ಹೇಳು, ಇದು ಯಾರ ಸಹಿ?"

ಪಲ್ಮೀರಾಳ ದನಿ ಸಣ್ಣಗಾಗಿತ್ತು. "ಲಿಬೆರಾತು ಅವರದೇ ಮಾವ. ಎಲ್ಲವೂ."

ಮೊಹರು ಬೀಳತೊಡಗಿತು. ಧಡ್, ಧಡ್, ಧಡ್. ಐದೋ ಆರೋ ಬಿದ್ದ ಮೇಲೆ ಅವನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಫೆಲಿಸ್ಮಿನಾ ಅವನ ಭುಜ ತಟ್ಟಿ, "ಇಷ್ಟು ಚೆನ್ನಾಗಿ ಬರ್ತಿತ್ತಲ್ಲ ಅಣ್ಣಾ. ನಾಳೆ ಊಟಕ್ಕೆ..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ನಾಳೆ ಅವಳ ಸರದಿಯಾಗಿತ್ತು. ಇನ್ನು ಸರದಿ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಬಾಗಿಲಿನ ಎರಡು ಬದಿಯಿಂದ ಹೊರಗೆ ಬಂದರು.

ಮುಖ್ಯ ಬೀದಿಯ ನಡುವೆ ಬಿಸಿಲಿಗೋ ಧೂಳಿಗೋ ಲಿಬೆರಾತುವಿಗೆ ಸೀನು ಬಂತು. ದೊಡ್ಡ ಸೀನು. ಅವನು ಅಭ್ಯಾಸದಂತೆ ನಿಂತು ಕಾದ. ಬಟ್ಟೆ ಅಂಗಡಿಯಲ್ಲಿ ಹಳದಿ ಬಟ್ಟೆ ಅಳೆಯುತ್ತಿದ್ದರು. ಐಸಿನ ಗಾಡಿ ದಾಟಿಹೋಯಿತು. ಒಂದು ಮೇಕೆ ಮಾತ್ರ ತಲೆ ಎತ್ತಿ ನೋಡಿತು. ಪರೀಕ್ಷೆಗೆಂದು ಇನ್ನೊಂದು ಸಲ ಸೀನಿದ. ಮೇಕೆಯೂ ತಲೆ ಇಳಿಸಿತು.

ಅವನು ನಡೆದ. ಕಾಲು ಎಲ್ಲಿಗೆ ಒಯ್ದವೋ ಅಲ್ಲಿಗೆ. ಒಯ್ದದ್ದು ಝೆಫೆರೀನುವಿನ ಕಾರ್ಖಾನೆಗೆ.

"ನಿಂದೂ ಆಯ್ತಪ್ಪ" ಅಂದ, ಪೆಟ್ಟಿಗೆಯ ಅಂಚಿನಲ್ಲಿ ಕುಸಿಯುತ್ತ. "ನಲವತ್ತಮೂರೂ ಬರೆದುಕೊಟ್ಟು ಬಂದೆ."

"ನಲವತ್ತೆರಡು."

"ಹ್ಞಾ?"

"ನಾನು ಕಾಗದ ಕೊಟ್ಟಿಲ್ಲ. ಎಣಿಸಿಲ್ವಾ?"

ಲಿಬೆರಾತು ಬೆನ್ನು ನೆಟ್ಟಗೆ ಮಾಡಿದ. "ನೋಡು, ಕನಿಕರಕ್ಕೆಲ್ಲ ನಾನು ಪಾಲುದಾರ ಆಗಿರಲ್ಲ. ಕಾಗದ ತಾ. ಕೈ ಇವತ್ತು ಹದದಲ್ಲಿದೆ."

"ಕನಿಕರ? ನಿಮ್ಮ ಮೇಲೆ?" ಝೆಫೆರೀನು ಉಳಿ ಕೆಳಗಿಟ್ಟ. "ನಂದು ಎಂಥ ಕಂಪನಿ ಹೇಳಿ. ಒಬ್ಬನೇ ಇದ್ದು ನಾಳೆ ನಾನೇ ಗೊಟಕ್ ಅಂದ್ರೆ? ನನ್ನ ಪೆಟ್ಟಿಗೆಗೆ ಯಾವ ಮರ ಅಂತ ಯಾರು ಹೇಳೋದು? ಈ ಬಡಗಿಗಳು ಮಾವಿನ ಹಲಗೆ ಹಾಕಿ ಮುಗಿಸಿಬಿಡ್ತಾರೆ. ಊರೆಲ್ಲಾ ನಗುತ್ತೆ. ನಾನು ಮೊದಲು ಹೋದ್ರೆ ನೀವು ನಿಂತು ಒಳ್ಳೇ ಮರ ಹಾಕ್ಸಿ. ನೀವು ಮೊದಲು ಹೋದ್ರೆ ನಾನು ಹಾಕ್ತೀನಿ."

"ನಾನು ಮೊದಲು ಹೋದ್ರೆ?" ಲಿಬೆರಾತು ಬೆಪ್ಪಾದ. ಹತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ಅವನ ಎದುರು ಯಾರೂ ಆಡಿರಲಿಲ್ಲ. "ನಾನು ಸಾಯಬಹುದಾ?"

"ಧಾರಾಳವಾಗಿ. ಹೊಸ ಕಾನೂನು ಬಂತಲ್ಲ. ಈಗ ನೀವು ಸತ್ರೆ ಕಂಪನಿ ಸಾಯಲ್ಲ. ನಿಮ್ಮಕ್ಕನ ಮಕ್ಕಳು ಬಂದ್ರೆ ಅಳತೆ ತಗೊಂಡು ಕಳಿಸ್ತೀನಿ. ನಿಮಗೆ ಯಾವಾಗ ಅನುಕೂಲವೋ ಆವಾಗ."

"ಮತ್ತೆ ಭಾನುವಾರ ಇಗರ್ಜೀಲಿ ಬೇಡ್ಕೋತಿದ್ಯಲ್ಲ?"

"ಅದು ಅಭ್ಯಾಸ ಆಗಿಬಿಟ್ಟಿದೆ" ಅಂದ ಝೆಫೆರೀನು. "ಬಿಡಕ್ಕಾಗ್ತಿಲ್ಲ. ಹಿಡಿಕೆ ನೋಡಿ ಇಲ್ಲಿ, ಹಿತ್ತಾಳೆ ಹಾಕ್ಲಾ, ಕಬ್ಬಿಣ ಹಾಕ್ಲಾ?"

"ಹಿತ್ತಾಳೆ. ಕಬ್ಬಿಣ ನಮ್ಮೂರ ಗಾಳಿಗೆ ತುಕ್ಕು ಹಿಡಿಯುತ್ತೆ. ನಮ್ಮ ಕಂಪನೀಗೆ ಒಂದು ಹೆಸರಿದೆ."

"ಅದಕ್ಕೇ ಕೇಳಿದ್ದು."

ಲಿಬೆರಾತು ಹೊರಗೆ ಬಂದ. ತೆಂಗಿನ ಮರವೊಂದರ ಬುಡಕ್ಕೆ ಹೋಗಿ, ತಲೆ ಎತ್ತಿ ಗೊನೆಯನ್ನು ದಿಟ್ಟಿಸಿ ನೋಡಿದ. ಗೊನೆಯೂ ಅವನನ್ನು ನೋಡಿತು. ಏನೂ ಆಗಲಿಲ್ಲ. ಆಗ ರಸ್ತೆಯಲ್ಲಿ ಬರುತ್ತಿದ್ದ ಸೈಕಲ್ ಟ್ಯಾಕ್ಸಿಗೆ ಕೈ ಅಡ್ಡ ಹಿಡಿದ. ನರೆತ ಗಡ್ಡದ ಸವಾರ ಬ್ರೇಕು ಹಾಕಿ, ಗುರುತು ಹಿಡಿದು, ಹೌಹಾರಿದ.

"ಅಯ್ಯೋ ಬೇಡಿ ಅಣ್ಣಾ! ನಿಮ್ಮನ್ನ ಹತ್ತಿಸ್ಕೋಬಾರ್ದು ಅಂತ ದೊಡ್ಡೋರೆಲ್ಲಾ ಹೇಳಿದ್ದಾರೆ."

ಲಿಬೆರಾತು ಕೋಟಿನ ತುದಿ ಎತ್ತಿಕೊಂಡು ಹಿಂದಿನ ಸೀಟಿಗೆ ಏರಿ ಕೂತ. ಎರಡೂ ಕೈಯಿಂದ ಸವಾರನ ಅಂಗಿ ಹಿಡಿದುಕೊಂಡ.

"ಕಾನೂನು ಬದಲಾಗಿದೆ ಕಣಯ್ಯ. ನದಿ ಕಡೆ ತುಳಿ. ಗುಂಡಿ ಇರೋ ರಸ್ತೇಲೇ ಹೋಗು."